ತಟ್ಟೆಗೆ ಹಾಕದ ನಿಂಬೆಹಣ್ಣು

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಹೆಬ್ಬಾಳದ ಕೆರೆಯ ಪಕ್ಕ ಸೈಕಲ್ ತುಳಿಯುತ್ತಿದ್ದ ನನಗೆ ಎಡಗಡೆ ನೀರಿದೆಯೆಂಬುದು ನೀರುಕೋಳಿಗಳ ಕೂಗಿನಿಂದಷ್ಟೇ ತಿಳಿಯುತ್ತಿತ್ತು. ಹುಬ್ಬಿನ ಮೇಲೆ ಹನಿ ಕೂತಿತ್ತು. ಎದುರಿನಿಂದ ಬಂದ ಹಾಲಿನ ಸೈಕಲ್ಲೊಂದು ಬರೀ ಗಂಟೆಯ ಸದ್ದಾಗಿ ಬಂದು, ಗಂಟೆಯ ಸದ್ದಾಗಿಯೇ ಹೋಯಿತು. ಎಪ್ಪತ್ತೇಳನೆಯ ಇಸವಿಯ ವಿಜಯದಶಮಿ. ನನ್ನ ಜೇಬಿನಲ್ಲಿ ಒಂದು ನಿಂಬೆಹಣ್ಣಿತ್ತು.

ಅದನ್ನು ಕೊಟ್ಟವಳು ನನ್ನ ತಾಯಿ ಕೌಸಲ್ಯಾ. ಯಶವಂತಪುರದ ನಮ್ಮ ಬೀದಿಯ ಕೊನೆಯಲ್ಲಿದ್ದ ಆಂಜನೇಯನ ಗುಡಿಗೆ ಕತ್ತಲಿರುವಾಗಲೇ ಹೋಗಿ, ಪಾದದ ಹತ್ತಿರ ಇಡಿಸಿ, ಮೇಲೆ ಕೇಸರಿ ಸಿಂಧೂರ ಹಚ್ಚಿಸಿಕೊಂಡು ತಂದಿದ್ದಳು; ಅದೇ ಸಿಂಧೂರವನ್ನು ನನ್ನ ಹಣೆಗೂ ಇಟ್ಟಿದ್ದಳು.

"ಬದರಿ, ತಲೆಕೆಳಗಾಗಿ ಹಾರೋದು ಮನುಷ್ಯರ ಕೆಲಸ ಅಲ್ಲ ಕಣೋ. ಆ ಕೆಲಸ ಬಲ್ಲೋನು ಇವನೊಬ್ಬನೇ. ಇವನನ್ನ ಜೊತೇಲಿಟ್ಕೋ" ಎಂದಿದ್ದಳು.

ನನಗಾಗ ಇಪ್ಪತ್ತೊಂದು. ಅಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಅಮೃತಹಳ್ಳಿಯ ಆಚೆ ಬಯಲಿನಲ್ಲಿದ್ದ ವಿಮಾನ ಕಲಿಸುವ ಶಾಲೆಗೆ ನಾನು ವಿದ್ಯಾರ್ಥಿವೇತನದ ಮೇಲೆ ಸೇರಿದ್ದೆ. ಪುಷ್ಪಕ್ ಎಂಬ ಪುಟ್ಟ ವಿಮಾನದಲ್ಲಿ ನಲವತ್ತು ಗಂಟೆ ಹಾರಿಯಾಗಿತ್ತು. ಏರುತ್ತಿದ್ದೆ, ನೇರಕ್ಕೆ ಹೋಗುತ್ತಿದ್ದೆ, ಮೆಲ್ಲಗೆ ತಿರುಗಿಸುತ್ತಿದ್ದೆ, ಇಳಿಸುತ್ತಿದ್ದೆ. ಅದಕ್ಕಿಂತ ಹೆಚ್ಚಿನದು ಬೇಡವೆಂದು ನನ್ನ ಎಣಿಕೆ. ಆದರೆ ನಮ್ಮ ಗುರುಗಳಾದ ನಾಗಲಿಂಗಪ್ಪನವರು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಕಳೆದು ಬಂದವರು. ತಮ್ಮ ಕೈಯಲ್ಲಿ ಕಲಿತ ಪ್ರತಿಯೊಬ್ಬನೂ ಎಚ್.ಟಿ.-2 ವಿಮಾನದಲ್ಲಿ ಲಾಗ ಹೊಡೆಯುವುದನ್ನೂ, ಸುತ್ತಿ ಬೀಳುವುದನ್ನೂ, ಬಿದ್ದಲ್ಲಿಂದ ಏಳುವುದನ್ನೂ ಕಲಿಯಲೇಬೇಕೆಂದು ಪಟ್ಟು ಹಿಡಿದಿದ್ದರು.

"ಸರ್, ನಾನು ಮುಂದೆ ಜನರನ್ನ ಕೂರಿಸಿಕೊಂಡು ಹಾರೋನು. ಅವರನ್ನ ತಲೆಕೆಳಗೆ ಮಾಡೋ ಪ್ರಸಂಗ ಯಾಕೆ ಬರುತ್ತೆ? ಇದು ಸರ್ಕಸ್ಸಿನೋರ ವಿದ್ಯೆ ಅಲ್ವಾ?" ಎಂದು ನಾನೊಮ್ಮೆ ಕೇಳಿದ್ದೆ.

ಅವರು ನಕ್ಕಿದ್ದರು. "ನೀನು ವಿಮಾನಾನ ತುಂಬಿದ ಕೊಡ ಹೊತ್ತ ಹೊಸ ಸೊಸೆ ಥರ ಓಡಿಸ್ತೀಯ ಕಣಯ್ಯ. ಚೆನ್ನಾಗೇ ಇದೆ ನೋಡೋಕೆ. ಒಂದು ದಿನ ಕಾಲು ಎಡವುತ್ತೆ. ಆವಾಗ ಏನ್ ಮಾಡ್ಬೇಕು ಅನ್ನೋದನ್ನ ಕೊಡ ಒಡೆದ್ಮೇಲೆ ಕಲೀತೀಯಾ?"

ಆ ಪಾಠಕ್ಕೊಂದು ಪದ್ಧತಿಯಿತ್ತು. ತಲೆಕೆಳಗಾದ ವಿಮಾನದಲ್ಲಿ ಜೇಬಿನಿಂದ ಜಾರಿದ ಒಂದು ಪೆನ್ನು ಸಾಕು, ಹೋಗಿ ಸ್ಟಿಕ್ಕಿನ ಬುಡದಲ್ಲಿ ಸಿಕ್ಕಿಕೊಂಡರೆ ಇಬ್ಬರ ಪ್ರಾಣ ಹೋದ ಹಾಗೆ. ಸ್ಟಿಕ್ ಎಂದರೆ ಎರಡು ಮೊಣಕಾಲುಗಳ ನಡುವೆ ನಿಂತಿರುವ ಕೋಲು; ಸೀಟಿಗೊಂದರಂತೆ ಇರುತ್ತದೆ, ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಮೂತಿ ಏಳುವುದು, ಇಳಿಯುವುದು, ರೆಕ್ಕೆ ವಾಲುವುದು ಎಲ್ಲ ಅದರಿಂದಲೇ. ಆದ್ದರಿಂದ ವಿಮಾನ ಹತ್ತುವ ಮೊದಲು ಗುರುಶಿಷ್ಯರಿಬ್ಬರೂ ಜೇಬು ಬರಿದು ಮಾಡಬೇಕು. ತಟ್ಟೆ ಹಿಡಿದು ನಿಲ್ಲುತ್ತಿದ್ದವರು ಅಮೃತಹಳ್ಳಿಯ ಮುನಿಆಂಜಿನಪ್ಪನವರು. ಮೂತಿಯ ಫ್ಯಾನ್ ತಿರುಗಿಸಿ ಇಂಜಿನ್ ಚಾಲೂ ಮಾಡುವುದು, ಗಾಲಿಗೆ ಮರದ ಅಡ್ಡತುಂಡು ಕೊಡುವುದು, ರೆಕ್ಕೆ ಒರೆಸುವುದು ಅವರ ಕೆಲಸ. ನಲವತ್ತು ದಾಟಿದ್ದರೂ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದರು; ನಾನೂ.

ಅಲ್ಯೂಮಿನಿಯಂ ತಟ್ಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು ಅವರು ಹೇಳುತ್ತಿದ್ದುದು ಒಂದೇ ಮಾತು: "ಜೇಬು, ಸಾಮಿ." ಅವರಿಗೆ ಓದು ಬರುತ್ತಿರಲಿಲ್ಲ. ಕೊಟ್ಟ ಸಾಮಾನನ್ನು ಕೊಟ್ಟ ಕ್ರಮದಲ್ಲೇ ತಟ್ಟೆಯ ಅಂಚಿನುದ್ದಕ್ಕೂ ಬಲಕ್ಕೆ ಜೋಡಿಸುತ್ತಾ ಹೋಗುವರು. ಇಳಿದು ಬಂದ ಮೇಲೆ ಅದೇ ಕ್ರಮದಲ್ಲಿ, ಒಂದೊಂದನ್ನೂ ಹೆಸರಿಟ್ಟು ಕರೆದು ಕೈಗೆ ಕೊಡುವರು. "ಬಾಚಣ್ಗೆ. ಬೀಗದ್ ಕೈ. ಬಸ್ ಚೀಟಿ." ಒಮ್ಮೆಯೂ ಒಬ್ಬರದು ಇನ್ನೊಬ್ಬರಿಗೆ ಹೋದದ್ದಿಲ್ಲ. ತಟ್ಟೆಯ ಮುಂದೆ ಏನನ್ನಾದರೂ ಬಚ್ಚಿಟ್ಟವನು ಮತ್ತೆ ಆ ಬಯಲಿನಲ್ಲಿ ವಿಮಾನ ಹತ್ತುವಂತಿಲ್ಲವೆಂದು ನಾಗಲಿಂಗಪ್ಪನವರ ಕಟ್ಟಳೆ.

ಹಿಂದಿನ ದಿನ ಆಯುಧಪೂಜೆ ನಡೆದಿತ್ತು. ಪ್ರತಿ ವರ್ಷದಂತೆ ಮುನಿಆಂಜಿನಪ್ಪನವರೇ ವಿಮಾನಗಳಿಗೆ ವಿಭೂತಿ ಕುಂಕುಮ ಇಟ್ಟು, ಗಾಲಿಗೊಂದರಂತೆ ಮೂರು ಮೂರು ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ವಿಮಾನ ಹಾಯಿಸಿದ್ದರು. ಒಂದು ಹೂವನ್ನು ಒಳಗೆ, ವೇಗ, ಎತ್ತರ ತೋರಿಸುವ ಮುಳ್ಳುಗಳಿರುವ ಹಲಗೆಯ ಮೇಲೆ ಇಡಲೇ ಎಂದು ಕೇಳಿ ಬೈಸಿಕೊಂಡೂ ಇದ್ದರು.

ಹತ್ತರ ಹೊತ್ತಿಗೆ ಮಂಜು ಹರಿಯಿತು. ನಾನು ತಟ್ಟೆಯ ಮುಂದೆ ನಿಂತೆ. ಪೆನ್ನು, ಬಾಚಣಿಗೆ, ಸೈಕಲ್ಲಿನ ಬೀಗದ ಕೈ, ಕರ್ಚೀಫು ಹಾಕಿದೆ. ತೊಡೆಯ ಮೇಲಿನ ಗುಂಡಿಯ ಜೇಬಿನಲ್ಲಿದ್ದ ನಿಂಬೆಹಣ್ಣನ್ನು ಬೆರಳು ಮುಟ್ಟಿತು. ಪಕ್ಕದಲ್ಲಿ ಇನ್ನಿಬ್ಬರು ಹುಡುಗರು ನಿಂತಿದ್ದರು. ತೆಗೆದರೆ ಅಮ್ಮ ಕಟ್ಟಿಕೊಟ್ಟದ್ದೆಂದು ನಗುತ್ತಾರೆ. ದೇವರ ಪಾದದಲ್ಲಿದ್ದುದನ್ನು ಬಾಚಣಿಗೆಯ ಪಕ್ಕ ಇಡುವುದು ಹೇಗೆಂಬ ನೆಪವೂ ಸಿಕ್ಕಿತು. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಅದಿಲ್ಲದೆ ಹತ್ತಲು ಧೈರ್ಯವಿರಲಿಲ್ಲ.

"ಅಷ್ಟೇನಾ ಸಾಮಿ?" ಎಂದರು ಮುನಿಆಂಜಿನಪ್ಪ.

"ಅಷ್ಟೇ" ಎಂದೆ.

ಮುಂದಿನ ಸೀಟಿನಲ್ಲಿ ನಾನು, ಹಿಂದಿನದರಲ್ಲಿ ನಾಗಲಿಂಗಪ್ಪನವರು. ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಐದು ಸಾವಿರ ಅಡಿಗೆ ಏರಿದೆವು. ಕೆರೆ ಕೆಳಗೆ ಒರೆಸಿಟ್ಟ ತಟ್ಟೆಯ ಹಾಗಿತ್ತು. ಮೊದಲು ಲಾಗ. ನಾನು ಸ್ಟಿಕ್ ಎಳೆದೆ. ಆಕಾಶ ಇಳಿದು ಬಂದು ನೆಲ ಮೇಲಕ್ಕೆ ಹೋಯಿತು. ಲಾಗದ ನೆತ್ತಿಯಲ್ಲಿ ಕೈ ಸಡಿಲಿಸಿಬಿಟ್ಟೆ. ಒಂದು ಗಳಿಗೆ ನಾನು ಸೊಂಟದ ಪಟ್ಟಿಯಲ್ಲಿ ಜೋತುಬಿದ್ದೆ. ತೊಡೆಯ ಹತ್ತಿರ ಏನೋ ಹಗುರವಾದಂತಾಯಿತು. ತಲೆ ಸುತ್ತುತ್ತಿದ್ದುದರಿಂದ ಅದೇನೆಂದು ಯೋಚಿಸಲಿಲ್ಲ.

ಆಮೇಲೆ ಸ್ಪಿನ್. ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿ ವಿಮಾನ ಬುಗುರಿಯ ಹಾಗೆ ಸುತ್ತುತ್ತಾ ಬೀಳುವುದಕ್ಕೆ ಆ ಹೆಸರು. ಅದರ ಪಾಠವನ್ನು ನೆಲದ ಮೇಲೆಯೇ ಹೇಳಿಕೊಟ್ಟಿದ್ದರು. "ಬೀಳ್ತಾ ಇದೀವಿ ಅಂತ ಮೊದಲು ಒಪ್ಕೋ. ಒಪ್ಕೊಳ್ದೇ ಇರೋನ ಕೈ ಸ್ಟಿಕ್ಕನ್ನ ತನ್ನ ಕಡೆಗೇ ಎಳೀತಿರುತ್ತೆ. ಎಳೆದಷ್ಟೂ ಸುತ್ತುತ್ತೆ. ಒಪ್ಕೊಂಡೋನು ಮುಂದಕ್ಕೆ ತಳ್ತಾನೆ. ನೆಲದ ಕಡೆಗೇ ತಳ್ಬೇಕು, ಅದೇ ಕಷ್ಟ."

ವಿಮಾನ ಬಿತ್ತು, ಸುತ್ತಿತು. "ಈಗ" ಎಂದು ಹಿಂದಿನಿಂದ ದನಿ ಬಂತು. ಸುತ್ತಿನ ಎದುರು ದಿಕ್ಕಿನ ಕಾಲುಪೆಡಲ್ ಒತ್ತಿ ಸ್ಟಿಕ್ ಮುಂದಕ್ಕೆ ತಳ್ಳಿದೆ. ನಡುವಿನವರೆಗೆ ಹೋದ ಅದು ಅಲ್ಲಿಯೇ ನಿಂತುಬಿಟ್ಟಿತು.

"ಬಿಡು" ಎಂದರು ಅವರು. ಬಿಟ್ಟೆ. ಕೆರೆ ಮೂರು ಸಲ ಕಣ್ಣಮುಂದೆ ತಿರುಗಿತು. ಬರೀ ಕಾಲಿನಿಂದಲೇ ಅವರು ಆ ತಿರುಗಾಟವನ್ನು ನಿಲ್ಲಿಸಿದರು. ವಿಮಾನ ನೇರಕ್ಕೆ ಬಂದ ಮೇಲೆ ಅದನ್ನು ನಿಧಾನವಾಗಿ ಮಗ್ಗುಲಿಗೆ ಹೊರಳಿಸಿ ಅಂಗಾತ ಮಾಡಿದರು. ಹಿಂದೆ ಗಾಜಿನ ಮುಚ್ಚಳಕ್ಕೆ ಏನೋ ಟಪ್ಪೆಂದು ಬಡಿಯಿತು. ಆಗ ನನಗೆ ತಿಳಿಯಿತು. ತೊಡೆಯ ಜೇಬು ಮುಟ್ಟಿ ನೋಡಿಕೊಂಡೆ, ಗುಂಡಿ ಬಿಚ್ಚಿಹೋಗಿತ್ತು.

ಇಳಿದ ಮೇಲೆ ಅವರು ಎಲ್ಲರೆದುರು ಮುಷ್ಟಿ ಬಿಚ್ಚಿದರು. ಒಂದು ಕಡೆ ಜಜ್ಜಿದ ನಿಂಬೆಹಣ್ಣು.

"ಯಾರದು ಇದು?"

ಎಲ್ಲರ ಕಣ್ಣೂ ಮುನಿಆಂಜಿನಪ್ಪನವರ ಕಡೆಗೆ ಹೋಯಿತು. ನಿನ್ನೆ ಪೂಜೆ ಮಾಡಿದವರು ಅವರು, ಒಳಗೆ ಹೂವಿಡಲೇ ಎಂದವರೂ ಅವರು. ಅವರು ಮುಂದೆ ಬಂದು ಹಣ್ಣನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ನನ್ನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿದರು.

"ಬೇಡ ಅಂದಿದ್ನಲ್ಲೋ ನಾನು" ಎಂದರು ನಾಗಲಿಂಗಪ್ಪನವರು. "ನಿನ್ನ ಭಕ್ತಿ ಇಬ್ಬರನ್ನ ಕೆರೆಗೆ ಹಾಕ್ತಿತ್ತು. ನಾಳೆಯಿಂದ ವಿಮಾನದ ಹತ್ರ ಬರ್ಕೂಡದು. ಹೋಗಿ ಹುಲ್ಲು ಕುಯ್ಯಿ."

ಅಲ್ಲಿ ನಿಂತಿದ್ದವರಲ್ಲೊಬ್ಬ, "ಆಂಜಿನಪ್ಪ, ಮುಂದಿನ್ ವರ್ಷ ಕುಂಬಳಕಾಯಿ ಇಡಪ್ಪ ಒಳಗೆ" ಎಂದ. ನಾಲ್ಕು ಜನ ನಕ್ಕರು. ನಾನು ನಗಲಿಲ್ಲವೆಂದು ಎಷ್ಟೋ ದಿನ ಸಮಾಧಾನ ಪಟ್ಟುಕೊಂಡಿದ್ದೆ. ನಾಲಗೆಯ ತುದಿಗೆ ಬಂದ ಮಾತನ್ನು ನನ್ನ ಕಡೆಗೇ ಎಳೆದು ಹಿಡಿದುಕೊಂಡಿದ್ದೆ. ಹೇಳಿದ್ದರೆ ಅಂದೇ ನನ್ನ ಹಾರಾಟ ಮುಗಿಯುತ್ತಿತ್ತು.

ತಟ್ಟೆಯನ್ನು ಮುನಿಆಂಜಿನಪ್ಪನವರ ಕೈಯಿಂದ ತೆಗೆದು ಒಂದು ಸ್ಟೂಲಿನ ಮೇಲಿಟ್ಟರು. ಅಂದಿನಿಂದ ನಾವೇ ಹಾಕಿ ನಾವೇ ತೆಗೆದುಕೊಳ್ಳುತ್ತಿದ್ದೆವು, ಪೆನ್ನುಗಳು ಅದಲುಬದಲಾಗುತ್ತಿದ್ದವು.

ನಾನು ಕಲಿತೆ. ಅದನ್ನು ಹೇಳುವಾಗಲೂ ನಾಚಿಕೆಯಾಗುತ್ತದೆ. ಅಷ್ಟು ಚೆನ್ನಾಗಿ ಕಲಿತೆ. ಆರು ತಿಂಗಳು ಲಾಗ, ಉರುಳು, ಸುತ್ತು. ಅಲ್ಲಿಯವರೆಗೆ ನಿದ್ದೆ ಹೋಗಿದ್ದ ನನ್ನ ಕಾಲುಗಳು ಎಚ್ಚೆತ್ತವು. ಮುಳ್ಳುಗಳನ್ನು ನೋಡಿ ಹಾರುತ್ತಿದ್ದವನು ಗಾಳಿಯ ಸದ್ದು ಕೇಳಿ ವೇಗ ಹೇಳಬಲ್ಲವನಾದೆ. ಗಾಳಿಯ ಹಿಡಿತ ತಪ್ಪುವ ಮುನ್ನ ರೆಕ್ಕೆ ಒಮ್ಮೆ ಅದುರುವುದು ಸೀಟಿನಲ್ಲಿ ಕೂತ ಮೈಗೇ ತಿಳಿಯುತ್ತಿತ್ತು. ಅಡ್ಡಗಾಳಿಯಲ್ಲಿ ಪುಷ್ಪಕ್ ಇಳಿಸಲು ಹೆದರುತ್ತಿದ್ದವನು ರೆಕ್ಕೆ ತಗ್ಗಿಸಿ, ಒಂಟಿಗಾಲಿಯ ಮೇಲೆ ಇಳಿಸಿ, ಇನ್ನೊಂದನ್ನು ಮೆಲ್ಲಗೆ ಕೂರಿಸತೊಡಗಿದೆ. "ಈಗ ಕೊಡ ಹೊತ್ಕೊಂಡು ಕುಣೀಬೋದು ನೀನು" ಎಂದರು ಗುರುಗಳು. ದೊಡ್ಡ ವಿಮಾನದ ಕೆಲಸ ಸಿಗಲಿಲ್ಲ. ಅದೇ ಶಾಲೆಯಲ್ಲಿ ಕಲಿಸುವವನಾಗಿ ಉಳಿದೆ. ನಾಗಲಿಂಗಪ್ಪನವರು ನಿವೃತ್ತರಾಗಿ ಆರ್.ಟಿ. ನಗರದಲ್ಲಿ ಮನೆ ಕಟ್ಟಿಕೊಂಡರು.

ಆರು ವರ್ಷ ನಾನು ಪ್ರತಿದಿನ ಹಾರುವಾಗಲೂ ಇಳಿಯುವಾಗಲೂ ರನ್‌ವೇಯ ಅಂಚಿನಲ್ಲಿ ಕುಡುಗೋಲು ಹಿಡಿದು ಬಗ್ಗಿದ ಒಂದು ಬೆನ್ನನ್ನು ನೋಡಿದೆ. ಅವರು ಆಯುಧಪೂಜೆಗೆ ಹ್ಯಾಂಗರಿಗೆ ಬರುವುದನ್ನು ನಿಲ್ಲಿಸಿದ್ದರು. ನಾನು ಪ್ರತಿ ಶನಿವಾರ ಆಂಜನೇಯನ ಮುಂದೆ ನಿಂತು ತಪ್ಪಾಯಿತೆಂದು ಹೇಳುತ್ತಿದ್ದೆ. ಒಮ್ಮೆ ನೂರೆಂಟು ನಿಂಬೆಹಣ್ಣಿನ ಹಾರವನ್ನೂ ಹಾಕಿಸಿದೆ. ಗೊತ್ತಿರುವವನಿಗೆ ಹೇಳುವುದು ಸುಲಭ. ಅವನು ಕೇಳಿಸಿಕೊಂಡು ಸುಮ್ಮನಿದ್ದ. ಆ ಮೌನವನ್ನು ಕ್ಷಮೆಯೆಂದು ತಿಳಿದೆ. ಈಗ ನೋಡಿದರೆ ಅದು ಕ್ಷಮೆಯಾಗಿರಲಿಲ್ಲ. ನಾನು ಬಾಗಿಲು ತಪ್ಪಿ ಬಂದಿದ್ದೇನೆಂದು ಅವನು ಸುಮ್ಮನಿದ್ದನೇನೋ.

ಎಂಬತ್ತಮೂರನೆಯ ಇಸವಿಯ ಮಳೆಗಾಲ ಮುಗಿಯುತ್ತಿದ್ದಾಗ ಸೀತಾ ಎಂಬ ಹುಡುಗಿಗೆ ಪುಷ್ಪಕ್‌ನಲ್ಲಿ ಪಾಠ ಹೇಳುತ್ತಿದ್ದೆ. ಚುರುಕು ಹುಡುಗಿ, ಮಾತೂ ಚುರುಕು. ಇಳಿಯಲೆಂದು ಅಮೃತಹಳ್ಳಿಯ ಕೆರೆಯ ಮೇಲೆ ಕೊನೆಯ ತಿರುವು ತೆಗೆದುಕೊಳ್ಳುತ್ತಿದ್ದಳು. ನೆಲ ಆರುನೂರು ಅಡಿ ಕೆಳಗಿತ್ತು. ಎದುರಿಗೆ ಹದ್ದೊಂದು ಎದ್ದಿತು. ಅವಳು ಬೆಚ್ಚಿ ಸ್ಟಿಕ್ಕನ್ನು ಎದೆಗೆಳೆದಳು. ಎಡ ರೆಕ್ಕೆ ಕುಸಿಯಿತು, ಮೂತಿ ಹೊರಳಿತು, ಗಾಜಿನ ತುಂಬ ಕೆರೆಯ ನೀರು ಕಂಡಿತು.

ನಾನು ಏನನ್ನೂ ಯೋಚಿಸಲಿಲ್ಲ. ಬಲಗಾಲು ಹೋಯಿತು, ಕೈ ಮುಂದಕ್ಕೆ ತಳ್ಳಿತು, ನೀರಿನ ಕಡೆಗೇ ತಳ್ಳಿತು. ರೆಕ್ಕೆ ಗಾಳಿ ಹಿಡಿಯಿತು. ಕೆರೆ ಏರಿಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದ್ದು ಕಾಣುವಷ್ಟು ಹತ್ತಿರದಿಂದ ಎದ್ದು ಬಂದೆವು.

ಇಳಿದ ಮೇಲೆ ಸೀತಾ ಬಹಳ ಹೊತ್ತು ರೆಕ್ಕೆಯ ನೆರಳಿನಲ್ಲಿ ಕೂತಿದ್ದಳು. "ಸರ್, ನೀವು ಯೋಚ್ನೇನೇ ಮಾಡ್ಲಿಲ್ಲ."

"ಯೋಚ್ನೆ ಮಾಡಿದ್ರೆ ಈಗ ಮೀನು ಹಿಡೀತಿದ್ವಿ."

"ಆ ತಲೆಕೆಳಗಾಗೋ ಪಾಠದಿಂದ ಬಂದಿದ್ದಾ ಇದು? ನಂಗೂ ಕಲಿಸಿ. ಸರ್ಕಸ್ ಅಂದ್ಕೊಂಡಿದ್ದೆ."

ಮರುವಾರ ಎಚ್.ಟಿ.-2 ಹೊರಗೆ ಬಂತು. ಸ್ಟೂಲಿನ ಮೇಲಿನ ತಟ್ಟೆಗೆ ಅವಳು ಪೆನ್ನು, ಕೂದಲಿನ ಕ್ಲಿಪ್ಪು, ಒಂದು ಚಿಕ್ಕ ರಾಘವೇಂದ್ರ ಸ್ವಾಮಿಯ ಪಟ ಹಾಕಿದಳು. ಪಟವನ್ನು ಕಣ್ಣಿಗೊತ್ತಿಕೊಂಡು ಹಾಕಿದಳು. "ನಮ್ಮಮ್ಮ ಕೊಟ್ಟಿದ್ದು. ಬಿಟ್ಟು ಹೋಗೋಕೆ ಭಯ ಆಗುತ್ತೆ ಸರ್. ಆದ್ರೆ ರೂಲ್ಸ್ ರೂಲ್ಸೇ ಅಲ್ವಾ?"

ಅವಳನ್ನು ನಾನು ಕೇಳಬೇಕಿತ್ತು: ಅಷ್ಟೇನಾ, ಇನ್ನೇನೂ ಬಚ್ಚಿಟ್ಟಿಲ್ಲ ತಾನೇ ಎಂದು. ಕೇಳಲು ಬಾಯಿ ತೆರೆದೆ. ದೂರದಲ್ಲಿ ಆ ಬೆನ್ನು ಬಗ್ಗಿತ್ತು. "ಇವತ್ತು ಬೇಡಮ್ಮ, ನನ್ನ ಮೈ ಸರಿಯಿಲ್ಲ" ಎಂದು ಹೊರಟುಬಂದೆ.

ಸಂಜೆ ಆರ್.ಟಿ. ನಗರಕ್ಕೆ ಹೋದೆ. ನಾಗಲಿಂಗಪ್ಪನವರು ಅಂಗಳದಲ್ಲಿ ಗುಲಾಬಿಗೆ ನೀರು ಹಾಕುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರ ಕೈಯ ತಂಬಿಗೆಯಿಂದ ನೀರು ಸುರಿದು ಸುರಿದು ಬರಿದಾಯಿತು.

"ಅವನು ಒಂದು ಮಾತೂ ಆಡ್ಲಿಲ್ಲ" ಎಂದರು ಕೊನೆಗೆ. "ನಾನು ಕೇಳಲೂ ಇಲ್ಲ. ಆಂಜಿನಪ್ಪ, ನಿಂದೇನಪ್ಪ ಇದು ಅಂತ ಒಂದು ಸಲ ಕೇಳಿದ್ರೆ ಏನಾಗ್ತಿತ್ತು ನಂಗೆ?" ತಂಬಿಗೆಯನ್ನು ಕಟ್ಟೆಯ ಮೇಲಿಟ್ಟರು. "ನಂಗ್ ಹೇಳಿ ಏನ್ ಪ್ರಯೋಜನ ಬದರಿ. ಯಾರ ಮುಂದೆ ಅವನ ತಲೆ ತಗ್ಗಿಸಿದ್ವೋ ಅವರ ಮುಂದೆ ಹೇಳು. ನಾನೂ ಬರ್ತೀನಿ."

ಆಯುಧಪೂಜೆಯ ದಿನ ಬಂದರು, ಕೋಲೂರಿಕೊಂಡು. ಹ್ಯಾಂಗರಿನಲ್ಲಿ ಮೂವತ್ತು ಜನ ಸೇರಿದ್ದರು; ಕುಂಬಳಕಾಯಿಯ ಮಾತಾಡಿದವನೂ ಇದ್ದ. ಮಂಗಳಾರತಿ ಎತ್ತುವ ಮೊದಲು ನಾನು ಮುಂದೆ ನಿಂತು ಹೇಳಿದೆ. ಆ ಹಣ್ಣು ನನ್ನದು. ಜೇಬಿನಲ್ಲಿತ್ತು. ಕೇಳಿದಾಗ ಇಲ್ಲವೆಂದೆ. ಆಮೇಲೆ ಸುಮ್ಮನಿದ್ದೆ. ನಾಲ್ಕೇ ವಾಕ್ಯ, ಮುಗಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಸೀತಾ ನನ್ನನ್ನು ನೋಡದೆ ಕರ್ಪೂರದ ಕಡೆಗೆ ನೋಡುತ್ತಿದ್ದಳು. ನಾಗಲಿಂಗಪ್ಪನವರು, "ನಾನು ವಿಚಾರಿಸ್ದೇನೇ ಶಿಕ್ಷೆ ಕೊಟ್ಟೆ. ಅದನ್ನೂ ಸೇರಿಸ್ಕೊಳ್ಳಿ" ಎಂದು ಕೂತುಬಿಟ್ಟರು. ಶಾಲೆಯ ಮುಖ್ಯಸ್ಥರು ಮುಂದಿನ ಮಾತು ಆಫೀಸಿನಲ್ಲಿ ಎಂದರು. ನನ್ನ ಕೆಲಸ ಹೋದರೂ ಹೋಗಬಹುದಿತ್ತು. ಅದಾಗಲೇ ನನ್ನ ಕೈಯಲ್ಲಿರಲಿಲ್ಲ.

ನಾನು ಸ್ಟೂಲಿನ ಮೇಲಿನ ತಟ್ಟೆಯನ್ನು ಎತ್ತಿಕೊಂಡು, ನಲ್ಲಿಯ ಹತ್ತಿರ ತೊಳೆದು, ಪಂಚೆಯಲ್ಲಿ ಒರೆಸಿ, ರನ್‌ವೇಯ ಅಂಚಿಗೆ ನಡೆದೆ. ಬಿಸಿಲು ಏರಿತ್ತು. ಮುನಿಆಂಜಿನಪ್ಪನವರು ಕುಡುಗೋಲಿಗೆ ಕುಂಕುಮ ಇಟ್ಟು, ಹುಲ್ಲಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂತಿದ್ದರು. ಅವರ ಆಯುಧಪೂಜೆ ಅಲ್ಲಿಯೇ ಮುಗಿದಿತ್ತು.

"ಆಂಜಿನಪ್ಪನೋರೇ, ಎಲ್ಲರ ಮುಂದೆ ಹೇಳಿ ಬಂದೆ. ಆ ಹಣ್ಣು ನಂದು ಅಂತ."

ಅವರು ನನ್ನನ್ನು ನೋಡಿದರು. "ಗೊತ್ತಲ್ಲ. ನನ್ ನಿಂಬೆಅಣ್ಗೆ ನಾನು ಇಕ್ಕೋದು ಕುಂಕ್ಮ. ಆವತ್ ಸಿಕ್ಕಿದ್ದುದ್ರ್ ಮ್ಯಾಲಿದ್ದುದ್ದು ಸಿಂದೂರ. ಅಣೇಲಿ ನೀವ್ ಇಕ್ಕೊಂಡಿದ್ರಿ, ಅದೇ ಬಣ್ಣ. ಉಜ್ಜಿ ಒರೆಸ್ದೆ."

"ಯಾಕೆ ಹೇಳಲಿಲ್ಲ ನೀವು?"

"ಏಳಿದ್ರೆ ನಿಮ್ಮನ್ನ ಆಚೆಗ್ ಕಳುಸ್ತಿದ್ರು. ನಂಗೆ ಉಲ್ ಕುಯ್ಯಕಾದ್ರೂ ಗೊತ್ತಿತ್ತು. ನಿಮ್ಗೇನ್ ಗೊತ್ತಿತ್ತು ಸಾಮಿ?"

ಅವರು ಒಂದು ಹುಲ್ಲಿನ ಎಸಳನ್ನು ಕಿತ್ತು ಬೆರಳಿಗೆ ಸುತ್ತಿಕೊಂಡರು.

"ನೀವೇ ಏಳ್ತೀರ ಅಂತ ಕಾಯ್ದೆ. ಇವತ್ತೇಳ್ತಾರೆ, ನಾಳೀಕೇಳ್ತಾರೆ. ಒಂದ್ ವರ್ಸ ಕಾಯ್ದೆ. ಆಮ್ಯಾಕೆ ಕಾಯೋದ್ ಬುಟ್ಬುಟ್ಟೆ."

ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ; ಮಳೆ ಬರದ ವರ್ಷದ ಮಾತಾಡುವ ಹಾಗೆ ಹೇಳಿದರು. ಸಿಟ್ಟಿದ್ದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ. ಅದಕ್ಕೂ ಎಡೆಯಿರಲಿಲ್ಲ.

ಹ್ಯಾಂಗರಿನಿಂದ ಮಂಗಳಾರತಿಯ ಗಂಟೆ ಕೇಳಿಸಿತು. ನಾನು ಬಗ್ಗಿ ತಟ್ಟೆಯನ್ನು ಎರಡೂ ಕೈಯಿಂದ ಮುಂದೆ ಹಿಡಿದೆ. ಅವರು ಎದ್ದು ನಿಂತರು, ಕೈಗೆ ಹತ್ತಿದ್ದ ಹುಲ್ಲನ್ನು ಚಡ್ಡಿಗೆ ಒರೆಸಿಕೊಂಡರು, ತಟ್ಟೆಯನ್ನು ತೆಗೆದುಕೊಂಡು ಅಂಚಿನ ಸುತ್ತ ಒಮ್ಮೆ ಬೆರಳಾಡಿಸಿದರು.

"ನೆಗ್ಗುಸ್ಬುಟ್ಟವ್ರೆ" ಎಂದರು ಮೆಲ್ಲಗೆ, ಮತ್ತು ಅದನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡರು.